ಬಡಿಗ ಎದ್ದು ಹೋದ ಗುರುವಾರ

ಜಮಖಂಡಿಯ ಆ ದವಾಖಾನೆಯಲ್ಲಿ ನನಗೆ ಕೊಟ್ಟ ಖೋಲಿಯೊಳಗೆ ಮೊದಲು ಮುರಿದ ಮಂಚ, ತುಕ್ಕು ಹಿಡಿದ ಸಲೈನ್ ಸ್ಟ್ಯಾಂಡು ಇಡುತ್ತಿದ್ದರು. ಅವನ್ನೆಲ್ಲ ತೆಗೆಸಿ, ಗೋಡೆಗೆ ಸುಣ್ಣ ಹೊಡೆಸಿ, ಕುರ್ಚಿಗಳನ್ನು ದುಂಡಗೆ ಇಟ್ಟು ಕೆಲಸ ಶುರು ಮಾಡಿದಾಗ ನನಗೆ ಇಪ್ಪತ್ತೊಂಬತ್ತು. ಮನೋರೋಗದ ಡಾಕ್ಟರ ಕೈಕೆಳಗೆ ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸುವುದು ನನ್ನ ನೌಕರಿ. ಇಂಜೆಕ್ಷನ್ ಮಾಡದ, ಗುಳಿಗೆ ಕೊಡದ ಈಕೆಗೆ ಪಗಾರ ಯಾತಕ್ಕೆ ಅಂತ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಸಿಸ್ಟರುಗಳು ಒಂದು ಕಡೆ ಡಬ್ಬಿ ಬಿಚ್ಚುತ್ತಿದ್ದರು, ಲ್ಯಾಬಿನವರು ಇನ್ನೊಂದು ಕಡೆ. ನಾನು ಖೋಲಿಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಉಣ್ಣುತ್ತಿದ್ದೆ.

ನಾನು ಹುಟ್ಟಿದ್ದು ಮಹಾಲಿಂಗಪುರದಲ್ಲಿ. ಅಪ್ಪ ಬೇಗ ಹೋದ. ಕೆಲಸಕ್ಕೆ ಸೇರಿದ ವರ್ಷವೇ ಅವ್ವನೂ ಹೋದಳು. ಊರಲ್ಲಿ ಅಣ್ಣ ಇದ್ದ. ಅವನ ಮನೆಗೆ ಹೋದರೆ ಅತ್ತಿಗೆ ದಿನದ ಸ್ಟೀಲ್ ಲೋಟ ಬಿಟ್ಟು ಮನೆಗೆ ಬರುವ ಪಾವಣೇರಿಗೆಂದು ಎತ್ತಿಟ್ಟ ಪಿಂಗಾಣಿ ಕಪ್ಪುಬಸಿ ತೆಗೆದು ಚಹಾ ಕೊಡುತ್ತಿದ್ದಳು. ಆಕೆ ಪ್ರೀತಿಯಿಂದಲೇ ಕೊಡುತ್ತಿದ್ದಳು, ಆದರೆ ಆ ಕಪ್ಪುಬಸಿ ನೋಡಿದ ಕೂಡಲೇ ನನಗೆ ಬಸ್ಸಿನ ಹೊತ್ತು ನೆನಪಾಗುತ್ತಿತ್ತು. ಜಮಖಂಡಿಯಲ್ಲಿ ಒಂದು ಮನೆಯ ಅಟ್ಟದ ಮೇಲಿನ ಖೋಲಿ ಬಾಡಿಗೆ ಹಿಡಿದಿದ್ದೆ. ಕೆಳಗಿನ ಮನೆಯ ಅಜ್ಜಿ ಸಂಜೆ ಮೆಟ್ಟಿಲ ಹತ್ತಿರ ನಿಂತು ಊಟಾ ಆತೇನ್ರಿ ಅನ್ನುತ್ತಿದ್ದಳು, ನಾನು ಆತರಿ ಅನ್ನುತ್ತಿದ್ದೆ. ಎಷ್ಟೋ ಭಾನುವಾರ ನಾನು ಬಾಯಿ ಬಿಟ್ಟು ಆಡಿದ ಮಾತು ಅದೊಂದೇ.

ಆಲಮಟ್ಟಿಯ ಆಣೆಕಟ್ಟಿನಲ್ಲಿ ನೀರು ನಿಲ್ಲಿಸಿ ಒಂದೆರಡು ವರ್ಷ ಕಳೆದಿದ್ದವು. ಬೀಳಗಿ ಕಡೆಯ ನದಿದಂಡೆಯ ಊರುಗಳು ಖಾಲಿಯಾಗಿ, ಮಂದಿ ಎತ್ತರದ ಬಯಲಿನಲ್ಲಿ ಗೆರೆ ಹಾಕಿ ಹಂಚಿದ ಜಾಗಗಳಿಗೆ ಹೋಗಿದ್ದರು. ಅಲ್ಲಿಂದ ಒಬ್ಬೊಬ್ಬರಾಗಿ ದವಾಖಾನೆಗೆ ಬರತೊಡಗಿದರು. ನಿದ್ದಿ ಹತ್ತುವುದಿಲ್ಲ, ಎದಿ ಉರಿಯುತ್ತದೆ, ಕಿವಿಯೊಳಗೆ ಸಪ್ಪಳ. ರಕ್ತ ನೋಡಿದರೆ ಸರಿ, ಇಸಿಜಿ ತೆಗೆದರೆ ಸರಿ. ಧಾರವಾಡದಿಂದ ತಿಂಗಳಿಗೆ ಎರಡು ಸಲ ಬರುತ್ತಿದ್ದ ನಮ್ಮ ಡಾಕ್ಟರು ವಯಸ್ಸಾದವರು, ಬಹಳ ಮಾತಿನವರಲ್ಲ. ಒಂದು ದಿನ ರೋಗಿಗಳ ಚೀಟಿಗಳನ್ನೆಲ್ಲ ಟೇಬಲ್ಲಿನ ಮೇಲೆ ಹರಡಿ, "ಒಂದ ಜಡ್ಡ ಹೊತಗೊಂಡ ಇವರೆಲ್ಲಾ ಬಿಡಿಬಿಡಿ ಬರಾಕತ್ತಾರ ನೋಡವಾ. ಕೂಡಿಸಿ ಕುಂದರಸೋಣು," ಅಂದರು.

ಗುಂಪಿನ ಚಿಕಿತ್ಸೆ ನಾನು ಓದಿದ್ದೆ, ಮಾಡಿರಲಿಲ್ಲ. ಅವರು ನನಗೆ ಹೇಳಿಕೊಟ್ಟದ್ದು ಸ್ವಲ್ಪ. ಎಂಟು ಮಂದಿ ಕೂತರೆ ಎಂಟು ಮನಸ್ಸುಗಳ ಜೊತೆ ಇನ್ನೊಂದು ಮನಸ್ಸು ಹುಟ್ಟುತ್ತದೆ, ಅದು ಏನು ಮಾಡುತ್ತಿದೆ ಅನ್ನುವುದು ಆ ಎಂಟರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ನೀನು ಪಾಠ ಹೇಳಬೇಡ, ಸಮಾಧಾನ ಮಾಡಬೇಡ. ಅವರೆಲ್ಲ ಕೂಡಿ ಏನು ಮಾಡುತ್ತಿದ್ದಾರೆ ನೋಡು, ನಿನ್ನಿಂದ ಏನು ಮಾಡಿಸುತ್ತಿದ್ದಾರೆ ಅದನ್ನೂ ನೋಡು. ಇಷ್ಟೇ. ನಾನು ವಹಿಯಲ್ಲಿ ಬರೆದುಕೊಂಡೆ. ಕೊನೆಯ ಮಾತು ನನಗೆ ಆಗ ತಿಳಿಯಲಿಲ್ಲ.

ವಾರಕ್ಕೊಮ್ಮೆ, ಗುರುವಾರ ಹನ್ನೊಂದಕ್ಕೆ ಅಂತ ಆಯಿತು. ಮೊದಲ ಗುರುವಾರ ಒಳಗೆ ಬಂದವನು ಒಬ್ಬ ಕುರಿಗಾರ ಅಜ್ಜ. ಹೆಗಲ ಮೇಲೆ ಕಂಬಳಿ, ಹಣೆ ತುಂಬ ಬೀರೇಶ್ವರನ ಹಳದಿ ಭಂಡಾರ. ಕುರ್ಚಿ ನೋಡಿದ, ಕೈಯಿಂದ ಮುಟ್ಟಿದ, ಆಮೇಲೆ ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತ. ಅವನ ಹಿಂದೆ ಬಂದ ಬನಹಟ್ಟಿಯ ಹೆಣ್ಣುಮಗಳು ತಾನೂ ಕೆಳಗೆ ಕೂತಳು. ಆಕೆಯ ತವರು ಬನಹಟ್ಟಿ. ಗಂಡನ ಊರು ನೀರೊಳಗೆ ಹೋದ ಮೇಲೆ ಗಂಡ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು ಅಣ್ಣಂದಿರ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಿವೃತ್ತ ಮಾಸ್ತರೊಬ್ಬರು ಮಾತ್ರ ಸ್ವಲ್ಪ ಹೊತ್ತು ಕುರ್ಚಿಯ ಮೇಲೆ ಇದ್ದು, ತಮ್ಮ ಕಾಲು ಎಲ್ಲರ ಮುಖದ ಎದುರಿಗೆ ಬರುವುದು ಕಂಡು ಇಳಿದರು. ಉಳಿದ ನಾಲ್ವರೂ ಹಾಗೇ. ಕೊನೆಗೆ ನಾನೊಬ್ಬಳೇ ಮೇಲೆ ಉಳಿದೆ. ನಾನೂ ಇಳಿದೆ. ಮುಂದಿನ ವಾರ ಮನೆಯಿಂದ ಅವ್ವನ ಜಮಖಾನೆ ತಂದು ಹಾಸಿದೆ.

ನಾಲ್ಕು ವಾರ ಖೋಲಿಯಲ್ಲಿ ಮಾತೇ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಗುಳಿಗೆ ಬದಲು ಮಾಡುತ್ತೀರೇನು ಅಂತ ಒಬ್ಬರು ಕೇಳಿದರೆ ಎಲ್ಲರೂ ಹೌದ್ಹೌದೆಂದು ಕತ್ತು ಆಡಿಸುವರು, ಮತ್ತೆ ಸುಮ್ಮನಾಗುವರು. ಮಾಸ್ತರು ಎಲ್ಲರ ಪರವಾಗಿ ನನಗೆ ವರದಿ ಒಪ್ಪಿಸುವರು: ಇವರಿಗೆ ಹಿಂಗಾಗೇತಿ, ಅವರಿಗೆ ಹಂಗಾಗೇತಿ. ತಮ್ಮ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಅಜ್ಜ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಗಂಟೆ ಮುಗಿದ ಕೂಡಲೇ ಎಲ್ಲರೂ ಸಾಲಿ ಬಿಟ್ಟ ಹುಡುಗರಂತೆ ಎದ್ದು ಹೋಗುವರು. ನಾನು ಜಮಖಾನೆ ಮಡಚುತ್ತ, ಇದು ನನ್ನಿಂದ ಆಗುವ ಕೆಲಸ ಅಲ್ಲ ಅಂದುಕೊಳ್ಳುತ್ತಿದ್ದೆ.

ಐದನೆಯ ವಾರ ಬಡಿಗ ಬಂದ. ನಲವತ್ತೈದರ ಆಸುಪಾಸು, ಗಟ್ಟಿ ಮೈ, ಆದರೆ ಎರಡೂ ಕೈ ನಡುಗುತ್ತಿದ್ದವು. ಉಳಿ ಹಿಡಿಯಲು ಬರುತ್ತಿರಲಿಲ್ಲ, ಕೆಲಸ ನಿಂತು ಆರು ತಿಂಗಳಾಗಿತ್ತು. ನರದ ದೋಷ ಏನೂ ಇಲ್ಲ ಅಂತ ನೋಡಿ ಡಾಕ್ಟರು ನಮ್ಮ ಗುಂಪಿಗೆ ಕಳಿಸಿದ್ದರು. ಆತ ಬಾಗಿಲ ಹತ್ತಿರ, ಜಮಖಾನೆಯ ಅಂಚಿಗೆ ಕೂತ. ಬನಹಟ್ಟಿಯ ಹೆಣ್ಣುಮಗಳು ಸೆರಗು ಸರಿ ಮಾಡಿಕೊಂಡು ಮಾಸ್ತರ ಕಡೆ ತಿರುಗಿ, "ಇಂವ ಯಾಕ ಬಂದಾನ್ರಿ ಇಲ್ಲಿಗೆ?" ಅಂದಳು. ಆ ಖೋಲಿಯಲ್ಲಿ ಆಕೆ ಆಡಿದ ಮೊದಲ ಮಾತು ಅದು.

ಅವನ ಪರಿಚಯ ಸುಮಾರು ಎಲ್ಲರಿಗೂ ಇತ್ತು. ಊರು ಬಿಡುವಾಗ ಮಂದಿ ಹಳೆಯ ಮನೆಯ ಕಟ್ಟಿಗೆಯನ್ನು ಬಿಟ್ಟು ಹೋಗಲಿಲ್ಲ. ಹೊಸ ಮನೆಗೆ ಬರುತ್ತದೆಂದು ಬಾಗಿಲ ಚೌಕಟ್ಟು, ತೊಲೆ, ಕಂಬ ಎಲ್ಲ ಬಿಚ್ಚಿಸಿದರು. ಆ ದಂಡೆಯ ಐದಾರು ಊರಲ್ಲಿ ಅದನ್ನು ಬಿಚ್ಚಿಕೊಟ್ಟವನು ಈ ಬಡಿಗ. ಅದರಲ್ಲಿ ಎಷ್ಟೋ ಚೌಕಟ್ಟುಗಳನ್ನು ಕೂಡಿಸಿದ್ದವರು ಆತನ ಅಪ್ಪ, ಆತನ ಅಜ್ಜ.

ಆತ ಬಂದ ದಿನದಿಂದ ನಮ್ಮ ಗುಂಪು ಬೇರೆಯಾಯಿತು. ಎಲ್ಲರಿಗೂ ಬಾಯಿ ಬಂದಿತು. ಇಂವ ಕಬ್ಬಿಣದ ಹಾರಿ ಹಿಡಿದು ನಮ್ಮ ಓಣಿಗೆ ಬಂದ ದಿನದಿಂದ ಊರು ಊರಾಗಿ ಉಳಿಯಲಿಲ್ಲ ಅಂತ ಒಬ್ಬರು. ನಮ್ಮ ಪಡಸಾಲೆಯ ಕಂಬ ಕೀಳುವಾಗ ಸೀಳಿದ ಅಂತ ಇನ್ನೊಬ್ಬರು. ಇನ್ನೂ ಎಂಟು ದಿನ ಇರಬಹುದಿತ್ತು, ಇಂವ ಅವಸರ ಮಾಡಿದ. ಬೀಡಿ ಸೇದುತ್ತ ಕಿತ್ತ. ಹಾಡು ಹೇಳುತ್ತ ಕಿತ್ತ. ಒಬ್ಬರು ಅಂದದ್ದನ್ನು ಇನ್ನೊಬ್ಬರು ಎತ್ತಿ ಮುಂದುವರಿಸುತ್ತಿದ್ದರು. ಅವರ ಮುಖದ ಮೇಲೆ ಬಣ್ಣ ಬಂದಿತ್ತು. ರಾತ್ರಿ ನಿದ್ದೆ ಬರಲು ಶುರುವಾಯಿತು ಅಂತ ಇಬ್ಬರು ಹೇಳಿದರು. ಬಡಿಗ ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿರುತ್ತಿದ್ದ. ಆದರೂ ಪ್ರತಿ ಗುರುವಾರ ತಪ್ಪದೆ ಬರುತ್ತಿದ್ದ.

ನಾನು ವಹಿಯಲ್ಲಿ ಪುಟಗಟ್ಟಲೆ ಬರೆಯುತ್ತಿದ್ದೆ. ನನ್ನ ಗುಂಪು ಮಾತಾಡುತ್ತಿದೆ ಅನ್ನುವ ಹಿಗ್ಗು.

ಇನ್ನೂ ಒಂದು ಹೇಳಬೇಕು, ಅದನ್ನು ಹೇಳದಿದ್ದರೆ ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಬಡಿಗ ಬಂದ ಮೂರನೆಯ ವಾರ, ಗಂಟೆ ಮುಗಿದು ಆತ ಹೋದ ಮೇಲೆ, ಬನಹಟ್ಟಿಯ ಹೆಣ್ಣುಮಗಳು ಗಂಟು ಬಿಚ್ಚಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ತೆಗೆದಳು. ಅಕ್ಕಾರ ನೀವೂ ಬರ್ರಿ ಅಂದಳು. ನಾನು ಕೂತೆ. ಮಾಸ್ತರು ಉಳ್ಳಾಗಡ್ಡಿ ಗುದ್ದಿ ಒಡೆದು ಎಲ್ಲರಿಗೂ ಹಂಚಿದರು, ಅಜ್ಜ ತನ್ನ ಡಬ್ಬಿಯ ಮೊಸರನ್ನು ನನ್ನ ರೊಟ್ಟಿಯ ಮೇಲೆ ಹಾಕಿದ. ಆ ದವಾಖಾನೆಯಲ್ಲಿ ನಾನು ಇನ್ನೊಬ್ಬರ ಜೊತೆ ಕೂತು ಉಂಡದ್ದು ಅದೇ ಮೊದಲು. ಅವ್ವ ಹೋದ ಮೇಲೆ ಯಾರೂ ನನ್ನ ರೊಟ್ಟಿಗೆ ಕೇಳದೆ ಮೊಸರು ಹಾಕಿರಲಿಲ್ಲ. ಸಂಜೆ ಮೆಟ್ಟಿಲು ಹತ್ತುವಾಗ ಕೆಳಗಿನ ಅಜ್ಜಿಯ ಜೊತೆ ನಾನೇ ನಿಂತು ಮಾತಾಡಿದೆ. ಅದಾದ ಮೇಲೆ ಪ್ರತಿ ಗುರುವಾರ ಹಾಗೇ ಉಂಡೆವು. ಬಡಿಗನನ್ನು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಬಡಿಗ ಬಂದ ಆರನೆಯ ವಾರವೋ ಏಳನೆಯದೋ ಇರಬೇಕು. ಅಂದು ಬನಹಟ್ಟಿಯ ಹೆಣ್ಣುಮಗಳು ನೇರವಾಗಿ ಬಡಿಗನ ಕಡೆ ತಿರುಗಿದಳು. ಅದುವರೆಗೆ ಯಾರೂ ಅವನ ಜೊತೆ ಮಾತಾಡಿರಲಿಲ್ಲ, ಅವನ ಬಗ್ಗೆಯಷ್ಟೇ ಆಡಿದ್ದರು.

"ದೇವರ ಜಗಲಿ ಬಾಗಿಲಾ ಕೀಳಾಗ ನಿನ್ನ ಕೈ ಹೆಂಗರೆ ಬಂತು?" ಅಂದಳು.

ಬಡಿಗ ಆಕೆಯನ್ನು ನೋಡಲಿಲ್ಲ. ನನ್ನನ್ನು ನೋಡಿದ. ಏನೋ ಒಂದು ಮಾತು ನನ್ನಿಂದ ಬರುತ್ತದೆಂದು ಕಾಯುತ್ತಿದ್ದ, ಅದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಉಳಿದವರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ವಹಿಯಲ್ಲಿ ಬರೆಯತೊಡಗಿದೆ. ಆತ ಒಂದು ಕೈಯನ್ನು ಗೋಡೆಗೆ ಊರಿ ಎದ್ದ. ಚಪ್ಪಲಿ ಮೆಟ್ಟಿಕೊಳ್ಳಲು ಹೊತ್ತು ಹಿಡಿಯಿತು, ಬಾಗಿಲ ಹೊರಗೆ ಅವು ನೆಲಕ್ಕೆ ಬಡಿಯುವ ಸಪ್ಪಳ ಕೇಳುತ್ತಿತ್ತು. ಅಂದೂ ನಾವು ರೊಟ್ಟಿ ಉಂಡೆವು.

ಮುಂದಿನ ಗುರುವಾರ ಬಡಿಗ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಪೀಡೆ ಹೋಯಿತು, ಇನ್ನು ಗುಂಪು ಇನ್ನೂ ಛಲೋ ಆಗುತ್ತದೆ ಅಂತ ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಒಂದೇ ವಾರದಲ್ಲಿ ಎಲ್ಲರ ಬಾಯಿಯೂ ಕಟ್ಟಿತು. ನಿದ್ದೆ ಬರುತ್ತದೆ ಅಂದಿದ್ದವರಿಗೆ ನಿದ್ದೆ ಹೋಯಿತು. ಮಾಸ್ತರು ತಮ್ಮನ್ನು ಯಾರೂ ಕೇಳುವುದಿಲ್ಲ ಅಂತ ಮುನಿಸಿಕೊಂಡರು. ಇಬ್ಬರು ತಡವಾಗಿ ಬರತೊಡಗಿದರು. ಬನಹಟ್ಟಿಯ ಹೆಣ್ಣುಮಗಳು ಈಗ ನನ್ನ ಕಡೆ ತಿರುಗಿ, ಇಲ್ಲಿ ಬಂದು ಏನು ಆತರಿ, ಬರೇ ಬಸ್ಸಿನ ದಣಿವು ಅಂದಳು. ರೊಟ್ಟಿಯ ಗಂಟು ಬಿಚ್ಚಲಿಲ್ಲ. ನಾನು ಮತ್ತೆ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಡಬ್ಬಿ ಬಿಚ್ಚಿದೆ.

ಆ ತಿಂಗಳು ಡಾಕ್ಟರು ಬಂದಾಗ ನಾನು ಎಲ್ಲವನ್ನೂ ಹೇಳಿದೆ, ರೊಟ್ಟಿಯ ಮಾತು ಒಂದು ಬಿಟ್ಟು. ಅವರು ಕೇಳಿ, ಆತ ನಿನ್ನ ನೋಡಿದಾಗ ಏನು ಮಾಡುತ್ತಿದ್ದೆ ಅಂದರು. ಬರೆಯುತ್ತಿದ್ದೆ ಅಂದೆ. ಏನು ಬರೆದೆ ಓದು ಅಂದರು. ವಹಿ ತೆಗೆದು ಆ ದಿನದ ಪುಟ ಹುಡುಕಿದೆ. ಅಲ್ಲಿದ್ದದ್ದು ಒಂದು ಸಾಲು: ಇವತ್ತು ಎಲ್ಲರೂ ಛಲೋ ಮಾತಾಡಿದರು. ಅದರ ಕೆಳಗೆ ಪೆನ್ನು ಸುಮ್ಮನೆ ಓಡಾಡಿ ಸುರುಳಿ ಸುರುಳಿ ಗೆರೆ ಎಳೆದಿತ್ತು.

ನಾನು ಅಳತೊಡಗಿದೆ. ಆಮೇಲೆ ರೊಟ್ಟಿಯದನ್ನೂ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ವಹಿ ಮುಚ್ಚಿ ನನ್ನ ಕಡೆ ಸರಿಸಿ, "ನಿನಗ ಹಸಿವಿತ್ತು. ಅವರಿಗೆ ಅದು ಗೊತ್ತಾತು. ನಿನಗ ಗೊತ್ತಾಗಲಿಲ್ಲ," ಅಂದರು.

ಮರುದಿನ ರಜೆ ಬರೆದು ಬೀಳಗಿಯ ಬಸ್ಸು ಹತ್ತಿದೆ. ರೋಗಿಗಳ ಮನೆಗೆ ಹೋಗುವುದು ನಮ್ಮ ಕೆಲಸದಲ್ಲಿ ತಪ್ಪಲ್ಲ, ಆದರೆ ನಾನು ಹೋದದ್ದು ಕೆಲಸಕ್ಕೋ ನನ್ನ ಸಂಕಟಕ್ಕೋ ಇವತ್ತಿಗೂ ಹೇಳಲಾರೆ. ಬೀಳಗಿಯಲ್ಲಿ ಇಳಿದು, ಅನಗವಾಡಿ ಕಡೆ ಹೋಗುವ ಒಂದು ಟಂಟಂ ರಿಕ್ಷಾ ಹಿಡಿದು, ಕೇಳುತ್ತ ಕೇಳುತ್ತ ಆತನ ಹೊಸ ಊರಿಗೆ ಹೋದೆ. ನೇರ ರಸ್ತೆಗಳು, ಒಂದೇ ಅಳತೆಯ ಜಾಗಗಳು, ಅರ್ಧ ಎದ್ದ ಗೋಡೆಗಳು. ಗಿಡ ಇನ್ನೂ ಮೊಣಕಾಲೆತ್ತರ. ಯಾವ ಮನೆಯ ಮುಂದೆಯೂ ಕಟ್ಟೆ ಇರಲಿಲ್ಲ, ಹೀಗಾಗಿ ಮಂದಿ ಬಿಸಿಲಲ್ಲೇ ನಿಂತು ಮಾತಾಡುತ್ತಿದ್ದರು.

ಬಡಿಗ ಮನೆಯ ನೆರಳಿಗೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಹೆಂಡತಿ ಚರಿಗೆಯಲ್ಲಿ ನೀರು ತಂದು, ಒಂದು ತುಂಡು ಬೆಲ್ಲ ಕೊಟ್ಟು, ಒಳಗೆ ಹೋದಳು. ನಾನು ಬರಬೇಕಾದರೆ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ಅವತ್ತು ನೀವು ನನ್ನ ಕಡೆ ನೋಡಿದಿರಿ, ನಾನು ನೋಡಲಿಲ್ಲ, ಅದಕ್ಕೇ ಬಂದೆ ಅಂತಷ್ಟೇ ಅಂದೆ.

ಆತ ಮತ್ತೆ ನೆರಳಿಗೆ ಕೂತು, ನಿಧಾನಕ್ಕೆ ಹೇಳತೊಡಗಿದ. ಯಾರೂ ತಮ್ಮ ಕೈಯಿಂದ ಮನೆ ಬಿಚ್ಚಲಿಲ್ಲ. ಬರುವವರು ಹೊತ್ತು ಹುಟ್ಟುವ ಮೊದಲೇ ಬಂದು ಆತನ ಬಾಗಿಲು ಬಡಿಯುತ್ತಿದ್ದರು. ಕರೆದುಕೊಂಡು ಹೋಗಿ ತಾವು ಓಣಿಯಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಮುಗಿಯುವತನಕ ಒಳಗೆ ಬರುತ್ತಿರಲಿಲ್ಲ. ಆತ ಹಾಡು ಹೇಳಿದ್ದು ಖರೆ, ಬೀಡಿ ಸೇದಿದ್ದೂ ಖರೆ. ಖಾಲಿ ಮನೆಯಲ್ಲಿ ಒಬ್ಬನೇ ಇರಬೇಕಾದರೆ ಬೇರೆ ಏನು ಮಾಡಬೇಕು? ಚೌಕಟ್ಟು ಸಡಿಲಾಗುವಾಗ ಒಂದು ಸಪ್ಪಳ ಬರುತ್ತದೆ, ಅದು ಕಿವಿಗೆ ಬೀಳಬಾರದು ಅಂತ ಹಾಡುತ್ತಿದ್ದನಂತೆ.

ನಿಮ್ಮ ಮನೆಯದನ್ನು ಯಾರು ಬಿಚ್ಚಿದರು ಅಂತ ಕೇಳಿದೆ.

"ಬಿಚ್ಚಲಿಲ್ಲರಿ. ನನ್ನ ಮನಿಗೆ ನನ್ನ ಕರಿಯಾವರು ಯಾರಿದ್ರು? ಕಸಾ ಹೊಡದು, ಬಾಗಿಲಾ ಎಳಕೊಂಡು, ಕೊಂಡಿ ಹಾಕಿ ಬಂದೆ. ನೀರೊಳಗ ಹಂಗ ನಿಂತೈತಿ ಅದು," ಅಂದ.

ಬರುತ್ತೀರೇನು ಅಂತ ಕೇಳಿದೆ. ಆತ ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. ಏಳುವಾಗ, ಮೊದಲು ನೀವು ಮಾತಾಡ್ರಿ ಅಂದ.

ಆ ಗುರುವಾರ ವಹಿಯನ್ನು ಟೇಬಲ್ಲಿನ ಖಾನೆಯಲ್ಲಿಟ್ಟು ಬರಿಗೈಯಲ್ಲಿ ಜಮಖಾನೆಯ ಮೇಲೆ ಕೂತೆ. ಎಲ್ಲರಿಗೂ ಹೇಳಿದೆ: ಬಡಿಗ ಎದ್ದು ಹೋದ ದಿನ ಆತ ನನ್ನ ಕಡೆ ನೋಡಿದ, ನಾನು ಕಂಡೂ ಕಾಣದವಳಂತೆ ಮಾಡಿದೆ. ಆತನ ಮೇಲೆ ನೀವೆಲ್ಲ ಮಾತಾಡುವಾಗ ನನಗೆ ಹಿತ ಅನ್ನಿಸುತ್ತಿತ್ತು. ನಿಮ್ಮ ರೊಟ್ಟಿ ಬೇಕಾಗಿತ್ತು ನನಗೆ. ಆತನ ಮನೆಗೆ ಹೋಗಿದ್ದೆ ಅಂತ ಹೇಳಿದೆ, ಆತ ಹೇಳಿದ್ದನ್ನು ಹೇಳಲಿಲ್ಲ, ಅದು ಆತನದು.

ಮೊದಲು ಸಿಟ್ಟಾದರು. ಮಾಸ್ತರು ನಮ್ಮ ಅನ್ನದ ಮೇಲೆ ಮಾತು ತಂದಿರಿ ಅಂದರು. ಬನಹಟ್ಟಿಯ ಹೆಣ್ಣುಮಗಳು ಗೋಡೆಯ ಕಡೆ ಮುಖ ಮಾಡಿದಳು. ಯಾರಾದರೂ ಎದ್ದು ಹೋಗುತ್ತಾರೆ ಅಂತ ಕಾದೆ, ಹೋಗಲಿಲ್ಲ. ಹೊರಗೆ ಸೈಕಲ್ಲಿನ ಮೇಲೆ ಹಾಲಿನವ ಹೋದದ್ದು, ಸಿಸ್ಟರು ಯಾರನ್ನೋ ಕೂಗಿದ್ದು ಎಲ್ಲ ಕೇಳಿಸಿತು. ಆಗ ಯಾವಾಗಲೂ ಕಣ್ಣು ಮುಚ್ಚಿ ಕೂಡುತ್ತಿದ್ದ ಕುರಿಗಾರ ಅಜ್ಜ ಕಣ್ಣು ತೆಗೆದ.

"ಮನಿ ಬಿಚ್ಚಾಕ ನಾನ ಕರದಿದ್ದೆ ಅವನ್ನ," ಅಂದ. "ಹಾರಿ ಹಿಡಿಯಾಕ ಆಗಲಿಲ್ಲ ನನಗ. ಹೋಗಿ ಕರಕೊಂಡ ಬಂದು, ನಾನು ಕುರಿ ಹೊಡಕೊಂಡ ಹೊಂಟೆ."

ಆಮೇಲೆ ಮಾಸ್ತರು, ನಾನು ಚೀಟಿ ಬರೆದು ಕಳಿಸಿದ್ದೆ, ಸ್ವತಃ ಹೋಗಲೂ ಇಲ್ಲ ಅಂದರು. ಒಬ್ಬೊಬ್ಬರಾಗಿ ಹೇಳಿದರು. ಎಲ್ಲರಿಗಿಂತ ಕೊನೆಗೆ ಬನಹಟ್ಟಿಯ ಹೆಣ್ಣುಮಗಳು, ಗೋಡೆಯ ಕಡೆ ನೋಡುತ್ತಲೇ ಮಾತಾಡಿದಳು. ಜಗಲಿಯ ಬಾಗಿಲು ಬಿಟ್ಟು ಹೋಗೋಣ ಅಂತ ಗಂಡ ಅಂದಿದ್ದನಂತೆ. ಆಕೆಯೇ ಹಟ ಹಿಡಿದು ಕೀಳಿಸಿದ್ದಳು. ಕೀಳಿಸಿದ ಬಾಗಿಲು ಅಣ್ಣನ ಮನೆಯ ಹಿತ್ತಿಲಲ್ಲಿ ಮಳೆಗೆ ನೆನೆದು ಹುಳ ಹಿಡಿದಿತ್ತು. ಅದನ್ನು ಹೇಳುತ್ತ ಹೇಳುತ್ತ ಆಕೆ ಗಟ್ಟಿಯಾಗಿ ಅತ್ತಳು, ಆಮೇಲೆ ಎಲ್ಲರೂ. ಊರು ಬಿಟ್ಟ ದಿನ ಅತ್ತಿರಲಿಲ್ಲ ಅಂತ ಒಬ್ಬರು ಅಳುತ್ತಲೇ ಹೇಳಿದರು. ಲಾರಿಯವನು ಅವಸರ ಮಾಡಿದ್ದನಂತೆ.

ಬಡಿಗ ಬಂದದ್ದು ಅದರ ಮುಂದಿನ ವಾರವಲ್ಲ, ಅದರ ಆಚೆಯ ವಾರ. ಯಾರು ಸುದ್ದಿ ಮುಟ್ಟಿಸಿದರೋ ನಾನು ಕೇಳಲಿಲ್ಲ. ಬಾಗಿಲ ಹತ್ತಿರ ಕೂತ. ಯಾರೂ ಕ್ಷಮೆ ಕೇಳಲಿಲ್ಲ. ಅಜ್ಜ ತನ್ನ ಕಂಬಳಿಯನ್ನು ತೆಗೆದು ಪಕ್ಕದಲ್ಲಿ ಹಾಸಿ, ಇತ್ತ ಸರಿ ಲೇ ತಮ್ಮಾ ಅಂದ. ಬಡಿಗ ಸರಿದ. ಅಂದು ಆತ ತನ್ನ ಮನೆಯ ಕೊಂಡಿಯ ಮಾತನ್ನು ತಾನೇ ಹೇಳಿದ. ಬನಹಟ್ಟಿಯ ಹೆಣ್ಣುಮಗಳು ಕೇಳಿದ್ದು ಒಂದೇ ಪ್ರಶ್ನೆ, ಒಳಗೆ ದೀಪ ಹಚ್ಚಿಟ್ಟು ಬಂದಿಯೇನು ಅಂತ. ಹೂಂ ಅಂದ.

ಅಂದು ಊಟಕ್ಕೆ ಕೂತಾಗ ನಾನು ನನ್ನ ಡಬ್ಬಿ ತೆಗೆದುಕೊಂಡು ಹೊರಗೆ ಬಂದೆ. ಯಾರೂ ಹೇಳಿರಲಿಲ್ಲ, ನನಗೇ ತಿಳಿದಿತ್ತು. ಅವರು ಒಳಗೆ ಉಣ್ಣುತ್ತಿದ್ದರು, ನಾನು ಹಿಂದಿನ ಮೆಟ್ಟಿಲ ಮೇಲೆ ಕೂತು ಉಂಡೆ. ಬೇಜಾರಾಯಿತು. ಆದರೂ ಒಳಗಿನ ಮಾತಿನ ಸಪ್ಪಳ ಕೇಳುತ್ತ ಉಂಡ ಊಟ ಅದು.

ಗುಂಪು ಒಂದೂವರೆ ವರ್ಷ ನಡೆಯಿತು. ಬಡಿಗನ ಕೈ ಪೂರಾ ನೆಟ್ಟಗಾಗಲಿಲ್ಲ. ಉಳಿ ಹಿಡಿಯುವಷ್ಟು ಆಯಿತು, ಸಣ್ಣ ಕೆತ್ತನೆಯ ಕೆಲಸ ಬರಲಿಲ್ಲ. ಅಳುವ ಗುರುವಾರಗಳು ಇನ್ನೂ ಹಲವು ಬಂದವು. ನಮ್ಮ ಖೋಲಿಯ ಸಪ್ಪಳ ಹೊರಗಿನ ಸಾಲಿನಲ್ಲಿ ಕೂತ ರೋಗಿಗಳಿಗೆ ಕೇಳುತ್ತಿತ್ತು. ದವಾಖಾನೆಯವರು ಅದಕ್ಕೆ ಅಳೂ ಖೋಲಿ ಅಂತ ಹೆಸರಿಟ್ಟಿದ್ದರು.

ಆ ಹೊತ್ತಿಗೆ ದವಾಖಾನೆಗೇ ಕೆಟ್ಟ ದಿನ ಬಂದಿದ್ದವು. ಊರಲ್ಲಿ ಬೇರೆ ಹೊಸ ದವಾಖಾನೆಗಳಾದವು. ಹೆರಿಗೆ ಡಾಕ್ಟರು ಬಿಟ್ಟು ಹೋದರು. ನಡೆಸುವವರ ನಡುವೆ ಜಗಳ ಇತ್ತು, ಮುಂದೇನು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಅದನ್ನು ಬಾಯಿಬಿಟ್ಟು ಆಡುವಂತೆಯೂ ಇರಲಿಲ್ಲ. ಒಂದು ದಿನ ಎಲ್ಲ ಸಿಬ್ಬಂದಿಯನ್ನು ಕೂಡಿಸಿ ಸಭೆ ಮಾಡಿದರು. ಚಹಾ, ಚೂಡಾ ಇತ್ತು. ರೋಗಿಗಳು ಯಾಕೆ ಕಡಿಮೆಯಾದರು ಅಂತ ಕೇಳಿದಾಗ ಮೊದಲು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಕಂಪೌಂಡರ್ ಒಬ್ಬರು, ಆ ಅಳುವ ಸಪ್ಪಳ ಕೇಳಿ ಬಸುರಿ ಹೆಣ್ಣುಮಕ್ಕಳು ಅಂಜುತ್ತಾರೆ ಅಂದರು. ಲ್ಯಾಬಿನವರು ಹೌದು ಅಂದರು. ಹುಚ್ಚರ ದವಾಖಾನೆ ಅಂತ ಹೆಸರಾಗಿದೆ ಅಂತ ಇನ್ನೊಬ್ಬರು. ವರ್ಷಗಟ್ಟಲೆ ಬೇರೆಬೇರೆ ಕೂತು ಡಬ್ಬಿ ಬಿಚ್ಚಿದ ಮಂದಿ ಅವತ್ತು ಒಬ್ಬರ ಮಾತನ್ನು ಒಬ್ಬರು ಎತ್ತಿ ಮುಂದುವರಿಸಿದರು, ಚೂಡಾದ ತಾಟು ಕೈಯಿಂದ ಕೈಗೆ ದಾಟುತ್ತಿತ್ತು. ನನ್ನ ಜೊತೆ ಆಗಾಗ ಚಹಾ ಕುಡಿಯುತ್ತಿದ್ದ ಒಬ್ಬ ಹಿರಿಯ ಸಿಸ್ಟರು ಎದುರಿಗೆ ಕೂತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಕೈಯಲ್ಲಿದ್ದ ರಜಿಸ್ಟರಿನ ಹಾಳೆ ತಿರುವತೊಡಗಿದರು.

ಅವರ್ಯಾರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಏನಾಗುತ್ತಿದೆ ಅನ್ನುವುದು ಅವರಿಗಿಂತ ನನಗೇ ಹೆಚ್ಚು ಗೊತ್ತಿತ್ತು. ಬಡಿಗ ನಮ್ಮ ಖೋಲಿಗೆ ವಾರ ವಾರ ಯಾಕೆ ಬರುತ್ತಿದ್ದ ಅನ್ನುವುದು ಮಾತ್ರ ಆ ಸಭೆಯಲ್ಲಿ ಕೂತಾಗ ತಿಳಿಯಿತು. ಅಷ್ಟು ಮಂದಿ ನಿಮ್ಮ ಕಡೆ ತಿರುಗಿ ಕೂತಾಗ ಎದ್ದು ಹೋಗುವುದು ಸುಲಭವಲ್ಲ. ಬೈಸಿಕೊಳ್ಳುವುದಕ್ಕಾದರೂ ಅಲ್ಲಿ ಒಂದು ಜಾಗ ಇರುತ್ತದೆ. ನಾನು ಏನಾದರೂ ಹೇಳಬಹುದಿತ್ತು. ಈ ಮಾತು ರೋಗಿಗಳದಲ್ಲ, ನಮ್ಮ ಅಂಜಿಕೆಯದು ಅಂತ ನಾಲಿಗೆಯ ತುದಿಗೆ ಬಂದಿತ್ತು. ಚೂಡಾದ ತಾಟು ನನ್ನ ಕೈಗೆ ಬಂತು, ಪಕ್ಕದವರಿಗೆ ದಾಟಿಸಿದೆ. ಧಾರವಾಡದ ಡಾಕ್ಟರು ಅಷ್ಟರಲ್ಲಿ ಕಾಯಿಲೆ ಬಿದ್ದು ಬರುವುದು ನಿಲ್ಲಿಸಿದ್ದರು.

ಖೋಲಿ ತಿರುಗಿ ತೆಗೆದುಕೊಂಡರು. ಕೊನೆಯ ಗುರುವಾರ ಎಲ್ಲರಿಗೂ ಹೇಳಿದೆ. ಅಜ್ಜ, ಇದನ್ನೂ ಬಿಚ್ಚಿದರೇನು ಅಂದ. ಯಾರೂ ನಗಲಿಲ್ಲ, ಆಮೇಲೆ ಬಡಿಗನೇ ನಕ್ಕ, ಆಗ ಎಲ್ಲರೂ ನಕ್ಕರು. ನನ್ನನ್ನು ರೋಗಿಗಳ ಚೀಟಿ ಬರೆಯುವ ಕಿಟಕಿಗೆ ಕೂರಿಸಿದರು. ಎಂಟು ತಿಂಗಳು ಅಲ್ಲಿದ್ದೆ. ಆಮೇಲೆ ಮುಧೋಳದಲ್ಲಿ ಬೇರೆ ಕೆಲಸ ಸಿಕ್ಕಿತು, ಕುಡಿತ ಬಿಡುವವರ ಗುಂಪು ನಡೆಸುವ ಕೆಲಸ. ಈಗಲೂ ಅದನ್ನೇ ಮಾಡುತ್ತೇನೆ. ಗುಂಪುಗಳು ಬಂದವು, ಮುಗಿದವು. ಪ್ರತಿ ಗುಂಪಿನಲ್ಲೂ ಊಟದ ಹೊತ್ತಿಗೆ ಹೊರಗೆ ಬರುತ್ತೇನೆ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳುವವರು ಈಗ ಕಡಿಮೆಯಾಗಿದ್ದಾರೆ.

ಏಳೆಂಟು ವರ್ಷಗಳಾದ ಮೇಲೆ, ಒಂದು ಸಂಜೆ ಅಣ್ಣನ ಮನೆಯಿಂದ ಹೊರಟು ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬೆಲ್ಲದ ಪೇಟೆಗೆ ಬಂದ ಮಂದಿ ತುಂಬಿತ್ತು. ಯಾರೋ ಅಕ್ಕಾರ ಅಂದರು. ಬನಹಟ್ಟಿಯ ಹೆಣ್ಣುಮಗಳು. ಕೂದಲು ಹಣ್ಣಾಗಿತ್ತು, ಮೈ ತುಂಬಿಕೊಂಡಿದ್ದಳು, ಸ್ವಂತ ಮನೆ ಆಗಿದೆ ಅಂದಳು. ಮಾಸ್ತರು ಆರಾಮ ಇದ್ದಾರೆ, ಕಿವಿ ಕೇಳುವುದಿಲ್ಲ. ಅಜ್ಜ ಹೋಗಿ ಎರಡು ವರ್ಷ. ಬಡಿಗ ಸಾಲಿಯ ಬೆಂಚು ರಿಪೇರಿ ಮಾಡುತ್ತಾನೆ. ಇಷ್ಟೆಲ್ಲ ನಿಮಗೆ ಹೆಂಗ ಗೊತ್ತು ಅಂದೆ.

"ನಾವು ಕೂಡತೀವಲ್ರಿ ಇನ್ನೂ. ತಿಂಗಳಿಗೊಮ್ಮೆ, ಒಬ್ಬರ ಮನ್ಯಾಗ," ಅಂದಳು.

ಯಾವಾಗಿನಿಂದ ಅಂದೆ. ಖೋಲಿ ಮುಚ್ಚಿದ ಮರುತಿಂಗಳಿನಿಂದ. ಕೂತು ಏನು ಮಾಡುತ್ತೀರಿ ಅಂದೆ. ಏನಿಲ್ಲರಿ, ಮಾತಾಡತೀವಿ, ಒಮ್ಮೊಮ್ಮೆ ಜಗಳಾನೂ ಆಡತೀವಿ ಅಂದಳು. ಕಳೆದ ಸಲ ಚಿಕ್ಕಪಡಸಲಗಿಯ ಬ್ಯಾರೇಜ್ ನೋಡಲು ಎಲ್ಲರೂ ಕೂಡಿ ಹೋಗಿದ್ದರಂತೆ. ರೈತರೇ ಕಟ್ಟಿಕೊಂಡ ಕಟ್ಟೆ ಅದು, ನೀರು ನೋಡಿದರೆ ಹೆದರಿಕೆ ಬರುತ್ತದೇನೋ ಅಂತ ಪರೀಕ್ಷೆ ಮಾಡಲು ಹೋಗಿದ್ದೆವು ಅಂತ ಹೇಳಿ ನಕ್ಕಳು.

ನಾನು ಕೇಳಬಾರದಿತ್ತು, ಆದರೂ ಕೇಳಿದೆ: ನಾನೂ ಒಮ್ಮೆ ಬರಲೇನು?

ಆಕೆ ನನ್ನ ಕೈ ಹಿಡಿದಳು. ಸುಳ್ಳು ಹೇಳಲು ಆಕೆಗೆ ಬರುತ್ತಿರಲಿಲ್ಲ.

"ನೀವು ಬಂದ್ರ ಎಲ್ಲಾರೂ ನಿಮ್ಮ ಮಖಾ ನೋಡಕೋತ ಕುಂದರತಾರ್ರಿ, ಅಕ್ಕಾರ."

ಖರೆ ಅಂದೆ. ಅದು ಖರೆಯೇ ಆಗಿತ್ತು. ಒಂದು ಗುಂಪು ನಡೆಸುವವಳಿಲ್ಲದೆ ನಡೆಯುವುದಕ್ಕಿಂತ ಹೆಚ್ಚಿನದನ್ನು ನಮ್ಮ ಕೆಲಸದಲ್ಲಿ ಬಯಸುವಂತಿಲ್ಲ. ನಾನು ಹೊಸಬರಿಗೆ ಕಲಿಸುವಾಗ ಅದನ್ನೇ ಹೇಳುತ್ತೇನೆ. ಆಕೆಯ ರಬಕವಿ-ಬನಹಟ್ಟಿ ಬಸ್ಸು ಬಂತು. ಹತ್ತಿ, ತನ್ನ ಚೀಲದಿಂದ ಎರಡು ಪೇರಲ ಹಣ್ಣು ತೆಗೆದು, ಕಿಟಕಿಯಿಂದ ಕೈ ಹೊರಗೆ ಹಾಕಿ ನನಗೆ ಕೊಟ್ಟಳು. ಬಸ್ಸು ಹೋಯಿತು. ಮುಧೋಳದ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ಒಂದು ಹಣ್ಣನ್ನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ತಿಂದೆ. ಇನ್ನೊಂದನ್ನು ಮನೆಗೆ ಒಯ್ದೆ.